ಕಂಕನಾಡಿಯ ಫಾದರ್ ಮುಲ್ಲರ್

ಮಹನೀಯರ ಜೀವನಚರಿತ್ರೆಯನ್ನು ಬರೆಯಹೊರಟವನು ಮೊದಲು ತನ್ನ ಅರ್ಹತೆಯನ್ನು ಹೇಳಿಕೊಳ್ಳಬೇಕೆಂಬುದು ರೂಢಿ. ನನಗಿರುವ ಅರ್ಹತೆ ಒಂದೇ. ಅದು ನನ್ನ ಎಡಗಾಲಿನ ಹಿಮ್ಮಡಿಯಲ್ಲಿದೆ. ಆ ಹಿಮ್ಮಡಿಗೆ ಪೆಟ್ಟಾಗದೆ ಇದ್ದಿದ್ದರೆ ಫಾದರ್ ಅಗಸ್ಟಸ್ ಮುಲ್ಲರ್ ಎಂಬ ಹೆಸರು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಆದುದರಿಂದ ವಾಚಕರು ಮೊದಲ ಒಂದೆರಡು ಪುಟಗಳಲ್ಲಿ ನನ್ನ ಕಾಲಿನ ಕಥೆಯನ್ನು ಸಹಿಸಿಕೊಳ್ಳಬೇಕೆಂದು ಬೇಡುತ್ತೇನೆ.

ಹಳಿಯಾಳದ ಸೀಮೆಯಲ್ಲಿ ಹುಟ್ಟಿದ ಹುಡುಗನಿಗೆ ಕುಸ್ತಿಯ ಹುಚ್ಚು ಹಿಡಿಯುವುದು ಸಹಜ. ನನ್ನ ಊರು ಸಾಂಬ್ರಾಣಿ. ಹೋದ ಮಳೆಗಾಲದಲ್ಲಿ ತಾಲೀಮು ಮಾಡುತ್ತಿದ್ದಾಗ, ಎದುರಾಳಿಯನ್ನು ನೂಕಲೆಂದು ಎಡಗಾಲನ್ನು ಬಲವಾಗಿ ಊರಿದೆ. ಹಿಮ್ಮಡಿಯ ಮೇಲ್ಗಡೆ ಯಾರೋ ಹಿಂದಿನಿಂದ ಒದ್ದಂತಾಯಿತು. ಹಗ್ಗ ಹರಿದಂತಹ ಸದ್ದೂ ಕೇಳಿಸಿತು. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ. ನರ ಉಳುಕಿದೆ ಎಂದು ಜೊತೆಯವರು ಹೇಳಿದರು. ನಾನೂ ಹಾಗೆಯೇ ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ಮುಂದಿನ ತಿಂಗಳು ಕಾಲೇಜಿನ ತಂಡದ ಆಯ್ಕೆ ಇತ್ತು.

ನಮ್ಮ ಓಣಿಯಲ್ಲಿ ನಾವೆಲ್ಲ ಕಾಕಾ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. ಅವರ ಮನೆಯಲ್ಲಿ ಒಂದು ಮರದ ಪೆಟ್ಟಿಗೆ. ಅದರ ತುಂಬ ಬೆರಳುದ್ದದ ಶೀಶೆಗಳು. ಶೀಶೆಗಳ ತುಂಬ ಸಾಸಿವೆಗಿಂತ ತುಸು ದೊಡ್ಡವಾದ ಬಿಳಿಯ ಸಕ್ಕರೆ ಗುಳಿಗೆಗಳು. ಹೋಮಿಯೋಪಥಿಯ ಮೇಲೆ ಅವರಿಗೆ ಬಹಳ ವಿಶ್ವಾಸ. ಯಾರಿಂದಲೂ ಒಂದು ಕಾಸು ಮುಟ್ಟುವುದಿಲ್ಲ. ಅವರು ನನಗೆ ಮೊದಲು ಆರ್ನಿಕಾ ಕೊಟ್ಟರು. ಅದು ಪೆಟ್ಟಿಗೆ ಎಂದರು. ಆಮೇಲೆ ರೂಟಾ ಕೊಟ್ಟರು. ಅದು ಸ್ನಾಯುರಜ್ಜುವಿಗೆ, ಅಂದರೆ ಮಾಂಸವನ್ನು ಎಲುಬಿಗೆ ಕಟ್ಟುವ ಹಗ್ಗಕ್ಕೆ ಎಂದರು. ನಡೆದಾಡಿದರೆ ನೋವು ಕಡಿಮೆಯಾಗುವುದಾದರೆ ರಸ್ ಟಾಕ್ಸ್, ಅಲುಗಾಡಿದರೆ ಹೆಚ್ಚಾಗುವುದಾದರೆ ಬ್ರಯೋನಿಯಾ ಎಂದು ವಿವರಿಸಿದರು. ಇಷ್ಟನ್ನೆಲ್ಲ ಹೇಳಿ ಕೊನೆಗೆ ಒಂದು ಮಾತು ಹೇಳಿದರು: ಎರಡು ದಿನ ಕಳೆದ ಮೇಲೂ ಒಂಟಿ ಕಾಲಿನ ಬೆರಳುಗಳ ಮೇಲೆ ನಿಲ್ಲಲಾಗದಿದ್ದರೆ ಪಟ್ಟಣದ ದವಾಖಾನೆಗೆ ಹೋಗಲೇಬೇಕು.

ಎರಡು ದಿನ ಕಳೆಯಿತು. ನಿಲ್ಲಲಾಗಲಿಲ್ಲ. ಆದರೆ ನಿಂತೆ ಎಂದು ಕಾಕಾನ ಮುಂದೆ ಸುಳ್ಳು ಹೇಳಿದೆ. ಅವ್ವನಿಗೂ ಹಾಗೆಯೇ ಹೇಳಿದೆ. ಇನ್ನೂ ಗುಳಿಗೆ ಬೇಡಿದೆ, ಅವರು ಕೊಟ್ಟರು. ದಿನಕ್ಕೆ ಮೂರು ಬಾರಿ ನಾಲಿಗೆಯ ಮೇಲೆ ನಾಲ್ಕು ನಾಲ್ಕು ಗುಳಿಗೆ ಇಟ್ಟುಕೊಂಡು ನಾಲ್ಕು ವಾರ ಕಳೆದೆ. ಆ ಅವಧಿಯಲ್ಲಿ ಕಾಕಾ ಅನೇಕ ಸಂಜೆ ನನಗೆ ಮುಲ್ಲರ್ ಪಾದ್ರಿಗಳ ಕಥೆ ಹೇಳಿದರು. ಅವರು ಚಿಕ್ಕಂದಿನಲ್ಲಿ ಮಂಗಳೂರಿಗೆ ಹೋಗಿದ್ದಾಗ ಕಂಕನಾಡಿಯ ಆಸ್ಪತ್ರೆಯನ್ನು ನೋಡಿದ್ದರಂತೆ. ಮುಂದೆ ಹಾಸಿಗೆ ಹಿಡಿದಾಗ ನಾನು ಆ ಕಥೆಯನ್ನು ಪುಸ್ತಕಗಳಲ್ಲಿ ಹುಡುಕಿ ಓದಿದೆ. ಅದನ್ನೇ ಇಲ್ಲಿ ಸಂಗ್ರಹಿಸಿ ಬರೆದಿದ್ದೇನೆ.

ಮುಲ್ಲರರ ಕಥೆಗೆ ಮೊದಲು ಅವರ ಔಷಧದ ಕಥೆಯನ್ನು ಚುಟುಕಾಗಿ ಹೇಳಬೇಕು. ಹೋಮಿಯೋಪಥಿಯ ಮೂಲಪುರುಷ ಸ್ಯಾಮುಯೆಲ್ ಹಾನೆಮನ್ ಜರ್ಮನಿಯ ಸ್ಯಾಕ್ಸನಿ ಸೀಮೆಯ ಮೈಸೆನ್ ಎಂಬ ಊರಿನಲ್ಲಿ 1755ನೆಯ ಇಸವಿ ಏಪ್ರಿಲ್ 10ರಂದು ಹುಟ್ಟಿದನು. ತಂದೆ ಪಿಂಗಾಣಿಯ ಮೇಲೆ ಚಿತ್ರ ಬರೆಯುವ ಕುಶಲಕರ್ಮಿ. ಹಾನೆಮನ್ 1779ರಲ್ಲಿ ವೈದ್ಯ ಪದವಿ ಪಡೆದನು. ಆದರೆ ಅಂದಿನ ವೈದ್ಯ ಪದ್ಧತಿ ಅವನಿಗೆ ಹೇಸಿಗೆ ಹುಟ್ಟಿಸಿತು. ಜ್ವರ ಬಂದವನ ರಕ್ತವನ್ನು ಬಟ್ಟಲುಗಟ್ಟಲೆ ಹರಿಸುವುದು, ಪಾದರಸ ತಿನ್ನಿಸುವುದು, ಭೇದಿ ಮಾಡಿಸುವುದು, ಇದೇ ಆಗಿನ ಚಿಕಿತ್ಸೆ. ಅವನು ವೃತ್ತಿಯನ್ನು ಬಿಟ್ಟು ಪುಸ್ತಕಗಳನ್ನು ಭಾಷಾಂತರಿಸಿ ಹೊಟ್ಟೆ ಹೊರೆದನು. 1790ರಲ್ಲಿ ಸ್ಕಾಟ್ಲೆಂಡಿನ ಕಲ್ಲೆನ್ ಎಂಬ ವೈದ್ಯನ ಗ್ರಂಥವನ್ನು ಭಾಷಾಂತರಿಸುತ್ತಿರುವಾಗ, ಚಳಿಜ್ವರಕ್ಕೆ ಕೊಡುವ ಸಿಂಕೋನಾ ತೊಗಟೆಯನ್ನು ತಾನೇ ತಿಂದು ನೋಡಿದನು. ತನಗೆ ಚಳಿಜ್ವರದಂತಹ ಲಕ್ಷಣಗಳೇ ಕಾಣಿಸಿಕೊಂಡವೆಂದು ಬರೆದನು. ಆರೋಗ್ಯವಂತನಲ್ಲಿ ಯಾವ ವಸ್ತು ಯಾವ ಲಕ್ಷಣವನ್ನು ಹುಟ್ಟಿಸುತ್ತದೆಯೋ ಅದೇ ವಸ್ತು ಅಲ್ಪ ಪ್ರಮಾಣದಲ್ಲಿ ಆ ಲಕ್ಷಣದ ರೋಗವನ್ನು ಕಳೆಯುತ್ತದೆಂಬ ಅವನ ಸಿದ್ಧಾಂತ ಇಲ್ಲಿಂದ ಬೆಳೆಯಿತು. 1810ರಲ್ಲಿ ಅವನ ಮುಖ್ಯ ಗ್ರಂಥ ಆರ್ಗನನ್ ಪ್ರಕಟವಾಯಿತು. 1843ರಲ್ಲಿ, 88ನೆಯ ವಯಸ್ಸಿನಲ್ಲಿ, ಅವನು ಪ್ಯಾರಿಸಿನಲ್ಲಿ ತೀರಿಕೊಂಡನು. ಅಷ್ಟರಲ್ಲಿ ಅವನ ಔಷಧ ಭಾರತಕ್ಕೂ ಬಂದಿತ್ತು. 1867ರಲ್ಲಿ ಕಲಕತ್ತೆಯ ಪ್ರಸಿದ್ಧ ವೈದ್ಯ ಮಹೇಂದ್ರಲಾಲ್ ಸರ್ಕಾರರು ಈ ಪದ್ಧತಿಗೆ ತಿರುಗಿಕೊಂಡಾಗ ದೇಶದಲ್ಲೆಲ್ಲ ದೊಡ್ಡ ಚರ್ಚೆಯಾಯಿತು.

ಅಗಸ್ಟಸ್ ಮುಲ್ಲರರೂ ಜರ್ಮನಿಯವರೇ. ವೆಸ್ಟ್‌ಫೇಲಿಯಾ ಸೀಮೆಯಲ್ಲಿ 1841ನೆಯ ಇಸವಿ ಮಾರ್ಚ್ 13ರಂದು ಅವರ ಜನನವಾಯಿತು. ಯೇಸು ಸಭೆಯನ್ನು ಸೇರಿ ಪಾದ್ರಿಗಳಾದರು. 1878ರಲ್ಲಿ ರೋಮಿನ ಗುರುಪೀಠವು ಮಂಗಳೂರಿನ ಕ್ಯಾಥೋಲಿಕ್ ಮಿಶನ್ನನ್ನು ಕಾರ್ಮೆಲೈಟ್ ಸಭೆಯವರಿಂದ ಯೇಸು ಸಭೆಯವರಿಗೆ ವಹಿಸಿಕೊಟ್ಟಿತು. ಆ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. ಮುಲ್ಲರರು ಆ ತಂಡದಲ್ಲಿದ್ದರು. ಕೊಂಕಣಿ ನಿಘಂಟನ್ನು 1883ರಲ್ಲಿ ಹೊರತಂದ ಇಟಲಿಯ ಆಂಜೆಲೊ ಮಾಫೈ ಪಾದ್ರಿಗಳೂ ಅದೇ ತಂಡದವರು. ಆ ಕಾಲದ ಮಂಗಳೂರು ಒಂದು ವಿಚಿತ್ರ ಊರು. ಒಂದು ಬೀದಿಯಲ್ಲಿ ತುಳು, ಇನ್ನೊಂದರಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ. ಬಾಸೆಲ್ ಮಿಶನ್ನಿನ ಜರ್ಮನರು ಅಲ್ಲಿ ಮುದ್ರಣಾಲಯ ನಡೆಸುತ್ತಿದ್ದರು. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು. ನಮ್ಮ ಉತ್ತರ ಕನ್ನಡ ಮತ್ತು ಆ ದಕ್ಷಿಣ ಕನ್ನಡ ಮೊದಲು ಒಂದೇ ಜಿಲ್ಲೆಯಾಗಿದ್ದವು. 1862ರಲ್ಲಿ ನಮ್ಮ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತು. ಮಂಗಳೂರು ಮದರಾಸಿನಲ್ಲೇ ಉಳಿಯಿತು. ಘಟ್ಟದ ಮೇಲಿನ ನಮಗೂ ಕಡಲ ತೀರದ ಅವರಿಗೂ ಇರುವ ದೂರದಲ್ಲಿ ಆ ರಾಜಕೀಯ ಗೆರೆಯ ಪಾಲೂ ಇದೆ.

1880ರ ಜನವರಿಯಲ್ಲಿ ಯೇಸು ಸಭೆಯವರು ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಮುಲ್ಲರರು ಅಲ್ಲಿ ಅಧ್ಯಾಪಕರಾದರು. ಆದರೆ ಅವರ ಬಳಿ ಹೋಮಿಯೋಪಥಿಯ ಔಷಧಗಳಿದ್ದವು, ಅವುಗಳ ತಿಳಿವಳಿಕೆಯೂ ಇತ್ತು. ವಿದ್ಯಾರ್ಥಿಗಳಿಗೆ ಜ್ವರವೋ ಹೊಟ್ಟೆನೋವೋ ಬಂದರೆ ಕೊಡುತ್ತಿದ್ದರು. ಸುದ್ದಿ ಊರಿಗೆ ಹರಡಿತು. ಅದೇ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ಆರಂಭವಾಯಿತು. ಮೊದಮೊದಲು ಆಲದ ಮರದ ನೆರಳಿನಲ್ಲಿ ಔಷಧ ಹಂಚುತ್ತಿದ್ದರೆಂದು ಮಂಗಳೂರಿನ ಜನ ಇಂದಿಗೂ ಹೇಳುತ್ತಾರೆ. ಹೋಮಿಯೋಪಥಿಗೆ ದೊಡ್ಡ ಕಟ್ಟಡವಾಗಲಿ ಯಂತ್ರವಾಗಲಿ ಬೇಕಾಗಿರಲಿಲ್ಲ. ಒಂದು ಪೆಟ್ಟಿಗೆ, ಒಂದು ಪುಸ್ತಕ, ಕೇಳುವ ತಾಳ್ಮೆ, ಇಷ್ಟಿದ್ದರೆ ಸಾಕು. ರೋಗಿಗೆ ನೋವು ಎಲ್ಲಿ, ಯಾವ ಹೊತ್ತಿಗೆ ಹೆಚ್ಚು, ನಿದ್ರೆ ಹೇಗೆ, ಬಾಯಾರಿಕೆ ಹೇಗೆ ಎಂದು ಒಂದೊಂದಾಗಿ ಕೇಳಬೇಕು. ಅಲ್ಲಿಯವರೆಗೆ ತನ್ನ ಕಷ್ಟವನ್ನು ಯಾರೂ ಕೂತು ಕೇಳದಿದ್ದ ಬಡವನಿಗೆ, ಬಿಳಿಯ ಗಡ್ಡದ ಪಾದ್ರಿಯೊಬ್ಬರು ಕೇಳುತ್ತಾರೆಂಬುದೇ ಅರ್ಧ ಔಷಧವಾಗಿದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ.

ಮುಲ್ಲರರು ಲೆಕ್ಕಾಚಾರದಲ್ಲಿಯೂ ಜಾಣರು. ಬಡವರಿಗೆ ಉಚಿತವಾಗಿ ಕೊಡಬೇಕಾದರೆ ಹಣ ಎಲ್ಲಿಂದ ಬರಬೇಕು? ಔಷಧಗಳನ್ನು ಕಂಕನಾಡಿಯಲ್ಲಿ ಸಿದ್ಧಪಡಿಸಿ, ದೂರದೂರದ ಊರುಗಳಿಗೆ ಅಂಚೆಯ ಮೂಲಕ ಮಾರುವ ವ್ಯವಸ್ಥೆ ಮಾಡಿದರು. ಗುಳಿಗೆಯ ಶೀಶೆ ಹಗುರ, ಕೆಡುವುದಿಲ್ಲ, ಅಂಚೆಯ ಖರ್ಚೂ ಕಡಿಮೆ. ಕೊಳ್ಳಬಲ್ಲವರ ಹಣ ಕೊಳ್ಳಲಾರದವರ ಶುಶ್ರೂಷೆಗೆ ಬಂದಿತು. ಹೀಗೆ ಆ ಚಿಕ್ಕ ಔಷಧಾಲಯ ಒಂದು ಆಸ್ಪತ್ರೆಯನ್ನು ಹೊತ್ತು ನಿಲ್ಲುವಷ್ಟು ಬೆಳೆಯಿತು.

ಅವರ ಜೀವನದಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕಿದ ಸಂಗತಿ ಗುಳಿಗೆಯದಲ್ಲ; ಕುಷ್ಠರೋಗಿಗಳದು. ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ನಾರ್ವೆ ದೇಶದ ಹಾನ್ಸೆನ್ 1873ರಲ್ಲಿ ಕಂಡುಹಿಡಿದಿದ್ದನು. ಆದರೆ ಅದನ್ನು ಕೊಲ್ಲಬಲ್ಲ ಔಷಧ ಸಿಕ್ಕಿದ್ದು 1940ರ ದಶಕದಲ್ಲಿ. ಈ ನಡುವೆ ರೋಗಿಯನ್ನು ಮನೆಯಿಂದ ಹೊರಹಾಕುವುದು, ಊರ ಹೊರಗೆ ಗುಡಿಸಲಿನಲ್ಲಿ ಇಡುವುದು, ಅನ್ನವನ್ನು ದೂರದಿಂದ ಎಸೆಯುವುದು ಎಲ್ಲೆಲ್ಲಿಯೂ ನಡೆದಿತ್ತು. ಮುಲ್ಲರರು 1890ರಲ್ಲಿ ಇಂತಹವರಿಗಾಗಿ ಕಂಕನಾಡಿಯಲ್ಲಿ ಒಂದು ಆಶ್ರಯಧಾಮವನ್ನು ತೆರೆದರು. ಅಲ್ಲಿ ಅವರ ಹುಣ್ಣುಗಳನ್ನು ತೊಳೆದು ಕಟ್ಟುವವರಿದ್ದರು, ಹೊತ್ತಿಗೆ ಊಟವಿತ್ತು, ತಲೆಯ ಮೇಲೆ ಸೂರು ಇತ್ತು. ಸ್ಪರ್ಶಜ್ಞಾನ ಹೋದ ಕಾಲಿಗೆ ಮುಳ್ಳು ಚುಚ್ಚಿದರೂ ರೋಗಿಗೆ ತಿಳಿಯುವುದಿಲ್ಲ. ಆ ಹುಣ್ಣನ್ನು ದಿನವೂ ನೋಡಿ ತೊಳೆದರೆ ಕಾಲು ಉಳಿಯುತ್ತದೆ, ಬಿಟ್ಟರೆ ಬೆರಳುಗಳು ಹೋಗುತ್ತವೆ. ಬಾಯಿಗೆ ಯಾವ ಗುಳಿಗೆ ಹಾಕಿದರೂ ರೋಗ ವಾಸಿಯಾಗದಿದ್ದ ಕಾಲದಲ್ಲಿ, ಈ ತೊಳೆದು ಕಟ್ಟುವ ಕೆಲಸವೇ ನಿಜವಾದ ವೈದ್ಯವಾಗಿತ್ತು. 1895ರ ಹೊತ್ತಿಗೆ ಇತರ ರೋಗಿಗಳಿಗೂ ಒಂದು ಆಸ್ಪತ್ರೆ ತಲೆಯೆತ್ತಿತು.

ಅಷ್ಟರಲ್ಲಿ ಪ್ಲೇಗು ಬಂದಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಮಾರಿ 1898ರಲ್ಲಿ ನಮ್ಮ ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ಹಿಡಿಯಿತು. ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಕೂತ ಕಥೆಯನ್ನು ನಮ್ಮ ಕಡೆಯ ಮುದುಕರು ತಮ್ಮ ಅಜ್ಜಂದಿರಿಂದ ಕೇಳಿ ಹೇಳುವುದುಂಟು. 1902ರಲ್ಲಿ ಪ್ಲೇಗು ಮಂಗಳೂರನ್ನು ಮುಟ್ಟಿದಾಗ ಮುಲ್ಲರರಿಗೆ ವಯಸ್ಸು ಅರವತ್ತು ದಾಟಿತ್ತು. ಬಲ್ಲವರು ಊರು ಬಿಟ್ಟು ಓಡುತ್ತಿದ್ದ ಆ ಹೊತ್ತಿನಲ್ಲಿ ಅವರು ಪ್ಲೇಗಿನವರಿಗಾಗಿಯೇ ಬೇರೆ ಆಸ್ಪತ್ರೆಯನ್ನು ಕಟ್ಟಿಸಿ, ಅಲ್ಲಿಯ ಶುಶ್ರೂಷೆಯನ್ನು ನಡೆಸಿದರು. ಸರಕಾರ ಅವರ ಸೇವೆಯನ್ನು ಗುರುತಿಸಿ 1907ರಲ್ಲಿ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. ಮೂರು ವರ್ಷಗಳ ನಂತರ, 1910ನೆಯ ಇಸವಿ ನವೆಂಬರ್ 1ರಂದು, ಅವರು ದೇಹವಿಟ್ಟರು. ಮಂಗಳೂರಿನಲ್ಲಿ ಕಾಲಿಟ್ಟು ಆಗ ಮೂವತ್ತೆರಡನೆಯ ವರ್ಷ ನಡೆದಿತ್ತು.

ಇಷ್ಟು ಹೇಳಿ ಕೈಮುಗಿದು ಮುಗಿಸಿದರೆ ಜೀವನಚರಿತ್ರೆಯ ಮರ್ಯಾದೆಗೆ ಒಪ್ಪುತ್ತಿತ್ತು. ಆದರೆ ನನ್ನ ಕಾಲು ಸುಮ್ಮನಿರಗೊಡುವುದಿಲ್ಲ.

ನಾಲ್ಕು ವಾರಗಳಲ್ಲಿ ನನ್ನ ನೋವು ಬಹುಮಟ್ಟಿಗೆ ಹೋಗಿತ್ತು. ಗುಳಿಗೆಯೇ ಗುಣ ಮಾಡಿತೆಂದು ನಾನು ಸಂತೋಷಪಟ್ಟೆ. ಆದರೆ ಮೆಟ್ಟಿಲು ಹತ್ತುವಾಗ ಹಿಮ್ಮಡಿ ಮೇಲೇಳುತ್ತಿರಲಿಲ್ಲ. ತಂಡದ ಆಯ್ಕೆಯ ದಿನ ಒಂದು ಹೆಜ್ಜೆ ಜಿಗಿಯಲಾರದೆ ಎಲ್ಲರ ಎದುರಿಗೆ ಕುಸಿದುಬಿದ್ದೆ. ಅಪ್ಪ ನನ್ನನ್ನು ಪಟ್ಟಣದ ಒಂದು ದವಾಖಾನೆಗೆ ಕರೆದೊಯ್ದನು. ಅಲ್ಲಿಯ ವೈದ್ಯರು ನನ್ನನ್ನು ಬೋರಲು ಮಲಗಿಸಿ, ಪಾದವನ್ನು ಮಂಚದ ಅಂಚಿನಿಂದ ಹೊರಗೆ ಬಿಟ್ಟು, ಮೀನಖಂಡವನ್ನು ಕೈಯಿಂದ ಹಿಸುಕಿದರು. ಬಲಗಾಲಿನ ಪಾದ ತಾನಾಗಿಯೇ ಕೆಳಗೆ ಬಾಗಿತು, ಎಡಗಾಲಿನದು ಅಲುಗಲಿಲ್ಲ. ಅರ್ಧ ನಿಮಿಷದ ಪರೀಕ್ಷೆ. ಮೀನಖಂಡವನ್ನು ಹಿಮ್ಮಡಿಯ ಎಲುಬಿಗೆ ಕಟ್ಟಿರುವ ರಜ್ಜು ಪೂರ್ತಿಯಾಗಿ ಹರಿದಿತ್ತು. ದೇಹದಲ್ಲಿ ಎಲ್ಲಕ್ಕಿಂತ ಬಲವಾದ ರಜ್ಜು ಅದೇ ಅಂತೆ. ಅದು ಹರಿದರೂ ಬೇರೆ ಚಿಕ್ಕ ಸ್ನಾಯುಗಳ ಬಲದಿಂದ ಮನುಷ್ಯ ಕುಂಟುತ್ತ ನಡೆಯಬಲ್ಲನು. ಆದುದರಿಂದಲೇ ಅನೇಕರು ಅದನ್ನು ಉಳುಕೆಂದು ತಿಳಿದು ಮೋಸ ಹೋಗುತ್ತಾರೆ. ಮೊದಲ ದಿನಗಳಲ್ಲಿ ಬಂದಿದ್ದರೆ ಬೆರಳು ಕೆಳಗೆ ಮಾಡಿ ಪ್ಲಾಸ್ಟರ್ ಹಾಕಿಯೇ ತುದಿಗಳನ್ನು ಕೂಡಿಸಬಹುದಿತ್ತೆಂದೂ, ಈಗ ತುದಿಗಳು ದೂರ ಸರಿದಿರುವುದರಿಂದ ಶಸ್ತ್ರಕ್ರಿಯೆಯೇ ಬೇಕೆಂದೂ ಅವರು ಹೇಳಿದರು. ಹಾಗೆಯೇ ಆಯಿತು. ಅಪ್ಪ ಆ ವರ್ಷದ ಕಬ್ಬಿನ ಹಣವನ್ನೆಲ್ಲ ಅದಕ್ಕೆ ಸುರಿದನು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ನೋವು ಹೋದುದು ಗುಳಿಗೆಯಿಂದ ಎಂದು ನಾನು ನಂಬಿದ್ದೆನಲ್ಲ, ಅದರ ಲೆಕ್ಕವನ್ನೂ ಹಾಸಿಗೆಯಲ್ಲಿ ಮಲಗಿ ಮಾಡಿದೆ. ನನಗೆ ಕೊಟ್ಟ ಗುಳಿಗೆಯ ಶೀಶೆಯ ಮೇಲೆ 30 ಎಂದು ಬರೆದಿತ್ತು. ಅಂದರೆ ಮೂಲ ಔಷಧದ ಒಂದು ಪಾಲನ್ನು ನೂರು ಪಾಲಿಗೆ ಬೆರೆಸಿ, ಅದರಿಂದ ಒಂದು ಪಾಲನ್ನು ತೆಗೆದು ಮತ್ತೆ ನೂರಕ್ಕೆ ಬೆರೆಸಿ, ಹೀಗೆ ಮೂವತ್ತು ಬಾರಿ. ಒಂದರ ಮುಂದೆ ಅರವತ್ತು ಸೊನ್ನೆ ಬರೆದಷ್ಟು ಪಾಲಿನಲ್ಲಿ ಒಂದು ಪಾಲು. ನಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲಿರುವ ಆವೊಗಾಡ್ರೊ ಸಂಖ್ಯೆಯಾದರೋ ಇಪ್ಪತ್ತಮೂರು ಸೊನ್ನೆಗಳ ಹತ್ತಿರದ್ದು. ಹನ್ನೆರಡನೆಯ ಬಾರಿ ಬೆರೆಸುವ ಹೊತ್ತಿಗೆ ಮೂಲದ ಒಂದು ಅಣುವೂ ಉಳಿದಿರುವ ಸಂಭವ ಕಡಿಮೆ. 2015ರಲ್ಲಿ ಆಸ್ಟ್ರೇಲಿಯಾದ ಆರೋಗ್ಯ ಸಂಶೋಧನಾ ಮಂಡಲಿಯು ಪ್ರಯೋಗಗಳನ್ನೆಲ್ಲ ಪರಿಶೀಲಿಸಿ, ಹೋಮಿಯೋಪಥಿ ಪರಿಣಾಮಕಾರಿಯೆಂದು ನಂಬಬಹುದಾದ ಪುರಾವೆಯಿರುವ ಕಾಯಿಲೆ ಒಂದೂ ಇಲ್ಲವೆಂದು ತೀರ್ಮಾನಿಸಿತು. ನನ್ನ ನೋವು ಇಳಿದುದು ಬಾವು ತಾನಾಗಿಯೇ ಇಳಿದುದರಿಂದ. ಹರಿದ ಹಗ್ಗ ಹಾಗೆಯೇ ಹರಿದಿತ್ತು.

ಹಾಗಾದರೆ ಮುಲ್ಲರರ ಮೂವತ್ತು ವರ್ಷಗಳ ಶ್ರಮವೆಲ್ಲ ಸಕ್ಕರೆಯಂತೆ ಕರಗಿಹೋಯಿತೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅವರ ಕಾಲವನ್ನು ನೋಡಿದರೆ ಉತ್ತರ ಸ್ವಲ್ಪ ಸಿಗುತ್ತದೆ. 1880ರಲ್ಲಿ ಬಡವನ ಮುಂದೆ ಇದ್ದ ದಾರಿಗಳು ಎರಡು: ಏನೂ ಇಲ್ಲದಿರುವುದು, ಇಲ್ಲವೇ ಅರೆಬರೆ ತಿಳಿದವರ ಕಟುವಾದ ಔಷಧ. ಅವೆರಡಕ್ಕಿಂತ ನಿರಪಾಯವಾದ ಗುಳಿಗೆ, ಶುಭ್ರವಾದ ಹಾಸಿಗೆ, ಗಂಜಿ, ಕರುಣೆ ಇವು ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ತೆರೆಯುತ್ತಿತ್ತು. ಹಾಫ್ಕಿನ್ ಎಂಬ ವಿಜ್ಞಾನಿ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ತನ್ನ ಮೈಗೇ ಚುಚ್ಚಿಕೊಂಡು ನೋಡಿದನು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೇ ಸಾವಿರಾರು ಜನರಿಗೆ ಅದನ್ನು ಹಾಕಿ, ಹಾಕಿಸಿಕೊಂಡವರಲ್ಲಿ ಸತ್ತವರೆಷ್ಟು, ಹಾಕಿಸಿಕೊಳ್ಳದವರಲ್ಲಿ ಸತ್ತವರೆಷ್ಟು ಎಂದು ಎಣಿಸಿದರು. ಹಾನೆಮನ್ನನೂ ತನ್ನ ಮೈಮೇಲೆಯೇ ಪರೀಕ್ಷೆ ಮಾಡಿಕೊಂಡಿದ್ದನು. ಇಬ್ಬರ ಧೈರ್ಯವೂ ಒಂದೇ. ವ್ಯತ್ಯಾಸವಿರುವುದು ಆ ಎಣಿಕೆಯಲ್ಲಿ. ಎರಡು ಗುಂಪುಗಳನ್ನು ಪಕ್ಕಪಕ್ಕದಲ್ಲಿಟ್ಟು ಎಣಿಸದೆ ಗುಣವಾಯಿತೆಂದು ಹೇಳುವಂತಿಲ್ಲವೆಂಬ ಪಾಠವನ್ನು ಲೋಕ ಕಲಿತದ್ದು ನಿಧಾನವಾಗಿ. ನಾನು ಕಲಿತದ್ದು ಅದಕ್ಕಿಂತಲೂ ನಿಧಾನವಾಗಿ.

ಮುಲ್ಲರರ ಸಂಸ್ಥೆಯ ಮುಂದಿನ ಇತಿಹಾಸವೇ ಈ ಪ್ರಶ್ನೆಗೆ ಉಳಿದ ಉತ್ತರವನ್ನು ಕೊಡುತ್ತದೆ. ಅವರ ಹೆಸರಿನಲ್ಲಿ 1985ರಲ್ಲಿ ಹೋಮಿಯೋಪಥಿ ಕಾಲೇಜು ಸ್ಥಾಪನೆಯಾಯಿತು. ಅದೇ ಹೆಸರಿನಲ್ಲಿ 1999ರಲ್ಲಿ ಆಧುನಿಕ ವೈದ್ಯಕೀಯ ಕಾಲೇಜೂ ಆರಂಭವಾಯಿತು. ಆಲದ ಮರದ ಕೆಳಗೆ ಗುಳಿಗೆ ಹಂಚಿದವರ ಹೆಸರು ಹೊತ್ತ ಆಸ್ಪತ್ರೆಯಲ್ಲಿ ಇಂದು ಎಲುಬು ಕೂಡಿಸುವವರಿದ್ದಾರೆ, ಶಸ್ತ್ರಕ್ರಿಯೆ ಮಾಡುವವರಿದ್ದಾರೆ. ಗುಳಿಗೆಯನ್ನು ಒಪ್ಪದವರೂ ಅವರ ಹೆಸರಿನ ಬಾಗಿಲಲ್ಲಿ ಚಿಕಿತ್ಸೆ ಪಡೆಯುತ್ತಾರೆ. ರೋಗಿಯನ್ನು ಹೊರಗೆ ನಿಲ್ಲಿಸಬಾರದೆಂಬ ಅವರ ವ್ರತ ಅವರ ಔಷಧಕ್ಕಿಂತ ಹೆಚ್ಚು ಕಾಲ ಬಾಳುವಂತಹದು. ನನ್ನ ದೃಷ್ಟಿಯಲ್ಲಿ ಅವರ ದೊಡ್ಡತನ ಅಲ್ಲಿದೆ. ಅವರು ದೊಡ್ಡವರೆಂಬ ಕಾರಣಕ್ಕೆ ಗುಳಿಗೆ ಸತ್ಯವಾಗುವುದಿಲ್ಲ. ಗುಳಿಗೆ ಪೊಳ್ಳೆಂಬ ಕಾರಣಕ್ಕೆ ಅವರು ಚಿಕ್ಕವರಾಗುವುದೂ ಇಲ್ಲ. ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿದುಕೊಳ್ಳುವುದು ನನ್ನಂತಹ ವಿದ್ಯಾರ್ಥಿಗೆ ಕಷ್ಟ. ಆದರೆ ಕಾಲೇಜಿಗೆ ಬರುವುದು ಇಂತಹ ಕಷ್ಟಕ್ಕಾಗಿಯೇ ಎಂದು ಭಾವಿಸಿದ್ದೇನೆ.

ಕಾಲಿಗೆ ಕಟ್ಟು ಬಿಚ್ಚಿದ ಮೇಲೆ ಮೊದಲು ಕಾಕಾನ ಮನೆಗೆ ಹೋಗಿ, ಅಂದು ಸುಳ್ಳು ಹೇಳಿದ್ದೆನೆಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬಹಳ ಹೊತ್ತು ಪೆಟ್ಟಿಗೆಯ ಮುಚ್ಚಳವನ್ನು ನೋಡುತ್ತ ಕೂತರು. ಆಮೇಲೆ, ನೋಡದೆ ನಿನ್ನ ಮಾತನ್ನು ನಂಬಿದ್ದು ನನ್ನ ತಪ್ಪು ಎಂದರು. ಆ ಮಾತು ನನ್ನ ಸುಳ್ಳಿಗಿಂತ ಭಾರವಾಗಿತ್ತು.

ಕಾಕಾ ಈಗಲೂ ನೆಗಡಿಯವರಿಗೆ ಗುಳಿಗೆ ಕೊಡುತ್ತಾರೆ. ಅದರಿಂದ ಯಾರಿಗೂ ಕೇಡಿಲ್ಲ. ಆದರೆ ಕಾಲು ಉಳುಕಿತೆಂದು ಯಾರಾದರೂ ಬಂದರೆ ಮೊದಲು ಕಟ್ಟೆಯ ಮೇಲೆ ಬೋರಲು ಮಲಗಿಸಿ, ನಾನು ತೋರಿಸಿಕೊಟ್ಟಂತೆ ಮೀನಖಂಡವನ್ನು ಹಿಸುಕಿ ನೋಡುತ್ತಾರೆ. ಪಾದ ಅಲುಗದಿದ್ದರೆ ಪೆಟ್ಟಿಗೆಯನ್ನು ತೆರೆಯುವುದೇ ಇಲ್ಲ. ತಾವೇ ಜೊತೆಗೆ ನಡೆದು ಹೋಗಿ, ಹಳಿಯಾಳದ ಬಸ್ಸಿಗೆ ಹತ್ತಿಸಿ ಬರುತ್ತಾರೆ.